ನಿನ್ನ ಕೋಣೆಯ ಫ್ಯಾನಿನ ಸದ್ದು

ಮನೆಯಿಂದ,
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಮಗಳೇ,

ಹೇಗಿದ್ದೀಯ? ಮೊದಲು ಮೈಯ ಸಮಾಚಾರ, ಮಿಕ್ಕಿದ್ದೆಲ್ಲ ಆಮೇಲೆ. ಹೋದ ಸಲ ಫೋನಿನಲ್ಲಿ ಮಾತಿಗೊಂದು ಕೆಮ್ಮು ಕೆಮ್ಮುತ್ತಿದ್ದೆ. ಕೇಳಿದರೆ ಧೂಳು ಅಂದೆ. ಧೂಳಿನ ಕೆಮ್ಮು ಯಾವುದು, ಹೊತ್ತಿಗೆ ಸರಿಯಾಗಿ ಉಣ್ಣದೆ ನಿದ್ದೆಗೆಟ್ಟು ಬಂದ ಕೆಮ್ಮು ಯಾವುದು ಎಂದು ಹೆತ್ತವಳಿಗೆ ತಿಳಿಯುವುದಿಲ್ಲವೇ? ಬಿಸಿನೀರು ಕುಡಿ. ಕಂಪ್ಯೂಟರಿನ ಮುಂದೆ ಕೂತಾಗ ನಡುನಡುವೆ ಎದ್ದು ಕಿಟಕಿಯಾಚೆ ದೂರದ್ದೇನನ್ನಾದರೂ ನೋಡು. ನಿನ್ನ ಕಣ್ಣು ನನ್ನ ಕಡೆಯದು, ಬೇಗ ದಣಿಯುತ್ತದೆ. ಹಠ ಮಾತ್ರ ನಿನ್ನಪ್ಪನ ಕಡೆಯದು, ಅದಕ್ಕೆ ದಣಿವೆಂಬುದೇ ಇಲ್ಲ. ನಾನು ಚೆನ್ನಾಗಿದ್ದೇನೆ. ಮೊಣಕಾಲು ಆಗಾಗ ತಕರಾರು ತೆಗೆಯುತ್ತಿತ್ತು, ಹೊಲಿಗೆ ಯಂತ್ರಕ್ಕೆ ಮೋಟಾರು ಹಾಕಿಸಿಕೊಂಡ ಮೇಲೆ ಅದಕ್ಕೂ ಸ್ವಲ್ಪ ರಜೆ ಸಿಕ್ಕಿದೆ. ಕಿಟಕಿ ಪರದೆ, ದಿಂಬಿನ ಚೀಲ ಎಂದು ಕೆಲಸ ಬರುತ್ತಲೇ ಇದೆ.

ಫೋನಿರುವಾಗ ಅಮ್ಮ ಯಾಕೆ ಕಾಗದ ಬರೆದಳು ಎಂದು ಹುಬ್ಬೇರಿಸಬೇಡ. ಫೋನಿನಲ್ಲಿ ಅಪ್ಪನ ಮಾತು ತೆಗೆದ ಕೂಡಲೇ ನೀನು ‘ಹೂಂ’ ಅನ್ನುತ್ತೀಯ, ಆಮೇಲೆ ಯಾರೋ ಕರೆಯುತ್ತಿದ್ದಾರೆ ಅನ್ನುತ್ತೀಯ, ಅಲ್ಲಿಗೆ ಮುಗಿಯಿತು. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ನಿನ್ನ ದನಿ ಫೋನಿನಲ್ಲಿ ಕೇಳಿಸಿದರೆ ಅವರು ಗಲಿಬಿಲಿಗೊಳ್ಳುತ್ತಾರೆ. ಮಗಳು ಒಳಗೆ ತನ್ನ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದಾಳೆ, ಹಾಗಾದರೆ ಫೋನಿನಲ್ಲಿ ಯಾರು ಎಂದು ಕೇಳುತ್ತಿದ್ದರು. ಹೌದು ಕಣೇ, ಮೊನ್ನೆ ಮೊನ್ನೆಯವರೆಗೂ ನೀನು ಒಳಗಿದ್ದೀಯ ಎಂದೇ ಅವರು ನಂಬಿದ್ದರು. ಅದು ಹೇಗೆ ಎಂಬುದನ್ನೇ ಬರೆಯಬೇಕು ಎಂದು ಕೂತೆ. ಒಮ್ಮೆಗೇ ಓದದಿದ್ದರೂ ಪರವಾಗಿಲ್ಲ, ಹರಿದು ಮಾತ್ರ ಹಾಕಬೇಡ.

ನಿನಗೆ ಗೊತ್ತಿರುವುದನ್ನೇ ಸ್ವಲ್ಪ ಹೇಳುತ್ತೇನೆ. ಆ ದಿನವನ್ನು ನೆನಪಿಟ್ಟುಕೊಂಡವರು ಈಗ ನಾವಿಬ್ಬರೇ. ನೀನು ದೋಣಿಯ ಬೊಂಬೆಚಿತ್ರ, ಅದೇ ನಿನ್ನ ಆನಿಮೇಷನ್, ಮಾಡುತ್ತಿದ್ದೆ. ಕಂಪ್ಯೂಟರು ತಾನಾಗಿ ಒಂದೊಂದೇ ಚಿತ್ರ ಬರೆದು ಮುಗಿಸಲು ದಿನಗಟ್ಟಲೆ ಓಡಬೇಕು, ನಡುವೆ ನಿಲ್ಲಿಸಬಾರದು ಎಂದು ಹೇಳಿ ಮಲಗಿದ್ದೆ. ಮಾರನೆಯ ದಿನ ಅದನ್ನು ಕಳಿಸಬೇಕಿತ್ತು. ಕೋಣೆ ಒಲೆಯ ಬಾಯಿಯ ಹಾಗೆ ಕಾದಿತ್ತು. ನಿನ್ನಪ್ಪ ಬಾಗಿಲು ತೆಗೆದರು, ಕಾದ ಪ್ಲಾಸ್ಟಿಕ್ಕಿನ ವಾಸನೆ ಬಂತು, ನೇರ ಹೋಗಿ ಮನೆಯ ದೊಡ್ಡ ಸ್ವಿಚ್ಚನ್ನೇ ಎಳೆದುಬಿಟ್ಟರು. ಒಂದು ಮಾತು ಕೇಳಲಿಲ್ಲ. ಹಣ್ಣು ತರಕಾರಿ ಇಡುವ ಆ ಶೀತಲ ಗೋದಾಮಿನಲ್ಲಿ ಅವರು ಕಲಿತದ್ದೂ, ಕೆಳಗಿನವರಿಗೆ ಕಲಿಸಿದ್ದೂ ಅದನ್ನೇ: ಮೊದಲು ಯಂತ್ರ ನಿಲ್ಲಿಸು, ಆಮೇಲೆ ಮಾತಾಡು. ಅಲ್ಲಿ ತಂಪು ಮಾಡುವ ಯಂತ್ರದ ಪೈಪಿನಿಂದ ವಿಷಗಾಳಿ ಸೋರಿದರೆ ಮಾತಾಡುತ್ತ ನಿಂತವನ ಗತಿ ಮುಗಿದ ಹಾಗೆ. ಅದು ನಿನಗೂ ಗೊತ್ತಿತ್ತು. ಆದರೆ ನಿನ್ನ ಕೆಲಸವೆಲ್ಲ ನೀರಿನಲ್ಲಿ ಹೋಮ ಮಾಡಿದಂತಾಗಿತ್ತು. ಅವರು, “ಉರಿದು ಹೋಗಿದ್ರೆ?” ಅಂದರು. ನೀನು, “ನೀವಿರೋ ಮನೇಲಿ ನನ್ನ ಕೆಲಸ ಆಗಲ್ಲ” ಅಂದೆ. ತಪ್ಪಾಯಿತು ಅನ್ನುವ ಒಂದೇ ಒಂದು ಮಾತು ಅವರ ಬಾಯಿಂದ ಬರಲಿಲ್ಲ, ಏಕೆಂದರೆ ಅವರ ಲೆಕ್ಕದಲ್ಲಿ ಅದು ತಪ್ಪೇ ಆಗಿರಲಿಲ್ಲ. ನೀನು ಚೀಲ ಹೆಗಲಿಗೇರಿಸಿ ಹೊರಟೆ, ಕಂಪ್ಯೂಟರನ್ನು ಇಲ್ಲೇ ಬಿಟ್ಟೆ. ಇಬ್ಬರ ನಡುವೆ ನಿಂತ ನನಗೆ ಬಿಸಿ ತುಪ್ಪ, ನುಂಗುವಂತೆಯೂ ಇಲ್ಲ, ಉಗುಳುವಂತೆಯೂ ಇಲ್ಲ.

ಆಮೇಲೆ ಅವರ ಮರೆವು ಶುರುವಾಯಿತು. ಡಾಕ್ಟರು ಹೇಳಿದ್ದನ್ನು ನಿನಗೆ ತಿಳಿಸಿದಾಗ, “ಮರೆತರೆ ಒಳ್ಳೇದೇ ಆಯ್ತಲ್ಲ ಅವರಿಗೆ” ಅಂದೆ. ಸಿಟ್ಟಿನಲ್ಲಿ ಆಡಿದ ಮಾತು ಎಂದು ಬಿಟ್ಟೆ. ಆದರೆ ಮರೆವು ಎಂದರೆ ಏನೆಂದು ನಾನು ಮನೆಯಲ್ಲೇ ಇದ್ದು ನೋಡಿದವಳು. ಜಗಳ ಮರೆತುಹೋಯಿತು, ಮಗಳು ಮರೆಯಲಿಲ್ಲ. ದಿನಾ ಸಂಜೆ ನಿನ್ನ ಕೋಣೆಯ ಮುಚ್ಚಿದ ಬಾಗಿಲ ಮುಂದೆ ನಿಂತು, ಮಗಳೆಲ್ಲಿ ಎಂದು ಕೇಳುತ್ತಿದ್ದರು. ಬೇರೆ ಊರಿಗೆ ಹೋಗಿದ್ದಾಳೆ ಎಂದರೆ, ಯಾವಾಗ, ಯಾಕೆ, ನನಗೆ ಹೇಳದೆ ಯಾಕೆ ಎಂದು ಮತ್ತೆ ಮತ್ತೆ ಕೇಳುತ್ತಿದ್ದರು. ನೀನು ಮನೆ ಬಿಟ್ಟ ಸುದ್ದಿ ಅವರಿಗೆ ಪ್ರತಿ ಸಂಜೆಯೂ ಹೊಸದು. ಪ್ರತಿ ಸಂಜೆಯೂ ಮೊದಲ ಸಲ ಕೇಳಿದವರ ಹಾಗೆಯೇ ಸಂಕಟಪಡುತ್ತಿದ್ದರು. ನನ್ನ ಕೈಯಲ್ಲಿ ಅದನ್ನು ನೋಡಲು ಆಗುತ್ತಿರಲಿಲ್ಲ.

ಒಂದು ದಿನ ಕೋಣೆ ಗುಡಿಸಲು ಹೋದವಳು ಏನೋ ಅನ್ನಿಸಿ ನಿನ್ನ ಕಂಪ್ಯೂಟರಿನ ಗುಂಡಿ ಒತ್ತಿದೆ. ಹಿಂದೆ ನೀನು ತೋರಿಸಿಕೊಟ್ಟಿದ್ದ ಹಾಗೆ ದೋಣಿಯ ಗುರುತಿನ ಮೇಲೆ ಎರಡು ಸಲ ಒತ್ತಿದೆ. ಹೊಳೆ ಬಂತು, ದೋಣಿ ಬಂತು, ಸುತ್ತ ತಿರುಗತೊಡಗಿತು. ಸ್ವಲ್ಪ ಹೊತ್ತಿಗೆ ಫ್ಯಾನು ಬೊಬ್ಬೆ ಹಾಕಿತು ನೋಡು, ನೀನಿದ್ದಾಗ ಹಾಕುತ್ತಿದ್ದ ಅದೇ ಬೊಬ್ಬೆ. ಅದಕ್ಕೆ ಆಗ ನಾನು ಎಷ್ಟು ಬೈದಿದ್ದೆ. ಹೊರಗೆ ಜಗುಲಿಯಲ್ಲಿದ್ದ ಅವರ ಮುಖ ನೋಡಬೇಕಿತ್ತು ನೀನು. ಹಣೆಯ ಗಂಟು ಸಡಿಲವಾಯಿತು. ಬೆರಳು ತುಟಿಯ ಮೇಲಿಟ್ಟುಕೊಂಡು, ನಿನ್ನನ್ನು ಕರೆಯುತ್ತಿದ್ದ ಆ ಮುದ್ದಿನ ಹೆಸರಿನಲ್ಲೇ, “ಬೊಂಬೆರಾಣಿ ಕೆಲಸ ಮಾಡ್ತಿದ್ದಾಳೆ, ತೊಂದರೆ ಕೊಡಬೇಡ” ಅಂದರು. ಬಾಗಿಲನ್ನು ಮುಟ್ಟಲೂ ಇಲ್ಲ. ನೋಡು, ಫ್ಯಾನು ಕೂಗುವಾಗ ಒಳಗೆ ಹೋಗಬಾರದು ಎಂಬುದೊಂದು ಮಾತ್ರ ಅವರ ತಲೆಯಲ್ಲಿ ಉಳಿದಿದೆ. ಅದು ಯಾಕೆ ಉಳಿಯಿತು ಎಂದು ಅವರಿಗೆ ಗೊತ್ತಿಲ್ಲ. ಅಂದಿನಿಂದ ನನಗೂ ದಾರಿ ಸಿಕ್ಕಿತು. ಬೆಳಗ್ಗೆ ದೋಣಿ ತಿರುಗಿಸಿ ಬಾಗಿಲು ಎಳೆದುಕೊಂಡರೆ ಸಂಜೆಯವರೆಗೆ ನಿಶ್ಚಿಂತೆ. ಅವರು ಜಗುಲಿಯಲ್ಲಿ ಕೂತು ನಿನ್ನ ಕಾವಲು ಕಾಯುತ್ತಾರೆ, ನಾನು ಒಳಗೆ ಪರದೆ ಹೊಲಿಯುತ್ತೇನೆ.

ಹೀಗೆ ಸುಮಾರು ದಿನ ನಡೆಯಿತು. ಒಂದು ದಿನ ಮಧ್ಯಾಹ್ನ ದೋಣಿ ತಿರುಗುತ್ತಿದ್ದ ಹಾಗೆಯೇ ಕಂಪ್ಯೂಟರು ತಟ್ಟನೆ ಆರಿಹೋಯಿತು, ಸದ್ದು ನಿಂತಿತು. ನಾನು ಬಟ್ಟೆ ಒಣಹಾಕಲು ಹೋಗಿದ್ದೆ. ಬಂದು ನೋಡಿದರೆ ಜಗುಲಿ ಖಾಲಿ. ಹುಡುಕಿಕೊಂಡು ಹೋದರೆ ಶಾಲೆಯ ಗೇಟಿನ ಹತ್ತಿರ ನಿಂತು ಬರುವವರನ್ನೆಲ್ಲ ಕೇಳುತ್ತಿದ್ದರು, ನನ್ನ ಮಗಳನ್ನು ನೋಡಿದಿರಾ, ಕಿವಿಯ ಸಂದಿಯಲ್ಲಿ ಪೆನ್ಸಿಲ್ ಇಟ್ಟುಕೊಂಡಿರುತ್ತಾಳೆ ಎಂದು. ಕೈ ಹಿಡಿದು ಕರೆತಂದೆ. ಮಾರನೆಯ ದಿನ ಮೂಲೆ ಅಂಗಡಿಯ ಕಂಪ್ಯೂಟರ್ ರಿಪೇರಿಯವನನ್ನು ಕರೆಸಿದೆ. ಚಿತ್ರ ಬರೆಯುವ ಗ್ರಾಫಿಕ್ಸ್ ಕಾರ್ಡು ವಿಪರೀತ ಕಾಯುತ್ತಿದೆ, ಅದು ಸುಟ್ಟುಹೋಗಬಾರದು ಎಂದು ಯಂತ್ರ ತಾನೇ ಆರಿಕೊಳ್ಳುತ್ತಿದೆ, ಒಳಗೆ ಗಾಳಿ ಆಡುತ್ತಿಲ್ಲ ಎಂದ. ಸರಿಮಾಡು ಎಂದರೆ, ಮಾಡಬಹುದು, ಹೊಸದೇ ತಗೊಂಡರೂ ಆಗಬಹುದು, ಇದೂ ನಡೆದರೆ ನಡೆಯಬಹುದು ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟ. ಅಷ್ಟರಲ್ಲಿ ಗಾಳಿ ಎಂಬ ಮಾತು ಕಿವಿಗೆ ಬಿದ್ದು ನಿನ್ನಪ್ಪ ಎದ್ದು ಒಳಗೆ ಬಂದರು. ಫ್ಯಾನು ನಿಂತಿತ್ತಲ್ಲ, ಹಾಗಾಗಿ ಒಳಗೆ ಬರಲು ಅಡ್ಡಿಯಿರಲಿಲ್ಲ.

ಮಗಳೇ, ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ. ನನ್ನನ್ನು ಕೆಲವು ಬೆಳಗ್ಗೆ ‘ಅಕ್ಕಾ’ ಎಂದು ಕರೆಯುವ ಮನುಷ್ಯ, ಅಂಗಿಯ ಗುಂಡಿ ಮೇಲೆಕೆಳಗೆ ಹಾಕಿಕೊಳ್ಳುವ ಮನುಷ್ಯ, ಕಂಪ್ಯೂಟರಿನ ಆ ಡಬ್ಬಿಯ ಮುಂದೆ ಕುಕ್ಕುರುಗಾಲಿನಲ್ಲಿ ಕೂತದ್ದೇ ಮತ್ತೆ ಗೋದಾಮಿನ ಐಸ್ ಮೇಸ್ತ್ರಿ ಆಗಿಬಿಟ್ಟರು. ಮೊದಲು ಮೇಜಿನ ಕೆಳಗೆ ಗೋಡೆಗೆ ಒತ್ತಿಕೊಂಡಿದ್ದ ಡಬ್ಬಿಯನ್ನು ಈಚೆಗೆ ಎಳೆಸಿದರು. ಪೆಟ್ಟಿಗೆಗಳನ್ನು ಗೋಡೆಗೆ ಅಂಟಿಸಿ ಪೇರಿಸಿದ ಕೂಲಿಯವರಿಗೆ ಬೈಯುತ್ತಿದ್ದರಲ್ಲ, ಗಾಳಿ ನಿನ್ನ ತಲೆ ಮೇಲೆ ಹೋಗಬೇಕಾ ಎಂದು, ಅದೇ ಬೈಗುಳ ರಿಪೇರಿಯವನಿಗೂ ಸಿಕ್ಕಿತು. ಪಾಪ, ಅವನು ನಗುತ್ತ ಕೇಳಿಸಿಕೊಂಡ. ಆಮೇಲೆ ನನ್ನ ಹಳೆಯ ಬಣ್ಣದ ಕುಂಚ ತರಿಸಿಕೊಂಡು ಕಾರ್ಡಿನ ರೆಕ್ಕೆಗಳ ಸಂದಿಯಿಂದ ಧೂಳು ತೆಗೆದರು. ಧೂಳಲ್ಲ ಅದು, ಒಂದು ಪುಟ್ಟ ದಿಂಬಿಗೆ ಆಗುವಷ್ಟು ಹತ್ತಿ. ಅಡ್ಡಾದಿಡ್ಡಿ ತೂಗುತ್ತಿದ್ದ ತಂತಿಗಳನ್ನೆಲ್ಲ ಒಂದು ಪಕ್ಕಕ್ಕೆ ಸರಿಸಿ ನನ್ನ ಹೊಲಿಗೆ ಪಟ್ಟಿಯಿಂದ ಕಟ್ಟಿದರು. ಮುಂದಿನ ಫ್ಯಾನು, ಹಿಂದಿನ ಫ್ಯಾನು ಎರಡೂ ಗಾಳಿಯನ್ನು ಒಳಕ್ಕೇ ತಳ್ಳುತ್ತಿದ್ದವಂತೆ, ಯಾರು ಯಾವಾಗ ಹಾಗೆ ಕೂರಿಸಿದರೋ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂದು ಅವರೇ ನಕ್ಕರು. ಹಿಂದಿನದನ್ನು ಬಿಚ್ಚಿ ತಿರುಗಿಸಿ ಹಾಕಿದರು. ಈಗ ಮುಂದಿನಿಂದ ತಂಪು ಒಳಗೆ, ಹಿಂದಿನಿಂದ ಬಿಸಿ ಹೊರಗೆ.

ನನಗೂ ಕೆಲಸ ಕೊಟ್ಟರು. ಡಬ್ಬಿಯ ಮುಂದಿನ ಬಾಯಿಗೆ ಕಿಟಕಿ ಪರದೆಯ ತೆಳು ಬಲೆಬಟ್ಟೆ ಕತ್ತರಿಸಿ, ಸುತ್ತ ಎಲಾಸ್ಟಿಕ್ ಹೊಲಿದು ಕೊಟ್ಟೆ, ಧೂಳು ನಿಲ್ಲಲಿ, ಗಾಳಿ ಬರಲಿ ಎಂದು. ಒತ್ತೊತ್ತಾದ ಬಟ್ಟೆ ಬೇಡ ಎಂದು ಮೂರು ಥರದ್ದನ್ನು ಬೆಳಕಿಗೆ ಹಿಡಿದು ನೋಡಿ ಆರಿಸಿದರು, ಮದುವೆ ಸೀರೆ ಆರಿಸುವವರ ಹಾಗೆ. ಮನೆ ತುಂಬ ನೆಂಟರಿರುವಾಗಲೂ ನಾವಿಬ್ಬರೂ ಒಟ್ಟಿಗೆ ಕೂತು ಇಷ್ಟು ಕೆಲಸ ಮಾಡಿದ್ದು ನನಗೆ ನೆನಪಿಲ್ಲ. ಕೊನೆಗೆ, ಹೊರಗೆ ಬಿಟ್ಟ ಬಿಸಿ ಕೋಣೆಯಲ್ಲೇ ಸುತ್ತಿ ಮತ್ತೆ ಒಳಗೆ ಹೋದರೆ ಮಾಡಿದ್ದೆಲ್ಲ ದಂಡ ಎಂದು, ತಗಡಿನ ಒಂದು ಕೊಳವೆ ಮಡಚಿ ಡಬ್ಬಿಯ ಬೆನ್ನಿನಿಂದ ಕಿಟಕಿಯವರೆಗೆ ಜೋಡಿಸಿದರು. ಅದರ ಬಾಯಿ ಜಗುಲಿಯ ಕಡೆಗೆ, ಅವರ ಕುರ್ಚಿಯ ಪಕ್ಕಕ್ಕೇ ಬರುತ್ತದೆ. ಕೆಲಸದುದ್ದಕ್ಕೂ ಅವರಿಗೆ ಒಂದೇ ಆತುರ, ನೀನು ಬರುವಷ್ಟರಲ್ಲಿ ಮುಗಿಸಬೇಕು ಎಂದು. ನೀನು ಕೈಕಾಲು ತೊಳೆಯಲು ಹೋಗಿದ್ದೀಯ ಎಂದುಕೊಂಡಿದ್ದರೋ ಏನೋ. ತಿರುಪುಮೊಳೆ ತಿರುಗಿಸುತ್ತ ತಲೆ ಎತ್ತದೆ ಹೇಳಿದರು, “ಅವಳ ಕೆಲಸ ಮಧ್ಯದಲ್ಲಿ ನಿಲ್ಲಬಾರದು. ಒಂದ್ಸಲ ನಿಂತಿತ್ತು. ಪಾಪ, ತುಂಬಾ ಅತ್ತಳು.” ನಿಲ್ಲಿಸಿದವರು ಯಾರು ಎಂದು ಅವರಿಗೆ ನೆನಪಿರಲಿಲ್ಲ. ನೀನು ಅತ್ತದ್ದು ನೆನಪಿತ್ತು. ನಾನು ಎದ್ದು ಅಡುಗೆಮನೆಗೆ ಹೋಗಿಬಿಟ್ಟೆ. ಆ ಮಾತನ್ನು ನೀನು ಕೇಳಬೇಕಿತ್ತು, ನಾನಲ್ಲ.

ಕೆಲಸವೇನೋ ಚೆನ್ನಾಯಿತು. ರಿಪೇರಿಯವನು ದೋಣಿ ತಿರುಗಿಸಿ ಬಿಸಿ ಎಷ್ಟಿದೆ ಎಂದು ನೋಡಿ, “ಅಮ್ಮಾ, ಹೊಸ ಕಾರ್ಡಿಗಿಂತ ತಣ್ಣಗಿದೆ” ಎಂದು ತಲೆದೂಗಿದ. ಅಲ್ಲೇ ಬಂತು ನೋಡು ಗ್ರಹಚಾರ. ಕಾರ್ಡು ಕಾಯದಿದ್ದರೆ ಅದರ ಫ್ಯಾನು ಜೋರಾಗಿ ತಿರುಗುವುದೇ ಇಲ್ಲವಂತೆ. ಆ ಬೊಬ್ಬೆಯೆಲ್ಲ ಬಿಸಿ ತಾಳಲಾರದೆ ಹಾಕುತ್ತಿದ್ದದ್ದು. ಈಗ ದೋಣಿ ತಿರುಗುತ್ತದೆ, ಹೊಳೆ ಹರಿಯುತ್ತದೆ, ಸದ್ದು ಮಾತ್ರ ಇಲ್ಲ. ಬಾಗಿಲಿಗೆ ಕಿವಿ ಇಟ್ಟರೆ ಮಗು ನಿದ್ದೆಯಲ್ಲಿ ಉಸಿರಾಡಿದಷ್ಟು ಕೇಳಿಸುತ್ತದೆ, ಅಷ್ಟೇ. ಅವರು ಜಗುಲಿಯಲ್ಲಿ ಸ್ವಲ್ಪ ಹೊತ್ತು ಕೂತರು. ಅವಳು ಎದ್ದು ಹೋದಳಾ ಎಂದು ನನ್ನನ್ನು ಕೇಳಿದರು. ಇಲ್ಲ, ಒಳಗೇ ಇದ್ದಾಳೆ ಎಂದೆ. ಸುಳ್ಳು ಹೇಳುತ್ತಿದ್ದೀಯ ಎನ್ನುವ ಹಾಗೆ ನನ್ನನ್ನು ನೋಡಿದರು. ತಮ್ಮ ಕೈಯಾರೆ ಅಷ್ಟು ಚೆನ್ನಾಗಿ ಮಾಡಿದ ಕೆಲಸವೇ ಅವರ ನೆಮ್ಮದಿಗೆ ಕಲ್ಲು ಹಾಕಿತು, ಮಗಳೇ. ಯಾರನ್ನು ಬೈಯಲಿ?

ಆಮೇಲೆ ಅವರು ಮನೆಯಲ್ಲಿ ನಿಲ್ಲುತ್ತಿಲ್ಲ. ನಾನು ಬಾತುಕೋಳಿಯ ಹಾಗೆ ಹಿಂದೆ ಹಿಂದೆ ಓಡುತ್ತೇನೆ. ಹೋದ ವಾರ ಗಿರಾಕಿಯೊಬ್ಬಳಿಗೆ ಅಳತೆ ತೆಗೆದು ತಿರುಗುವಷ್ಟರಲ್ಲಿ ಇಲ್ಲ. ರೈಲ್ವೆ ಗೇಟಿನವನು ಕೈ ಹಿಡಿದುಕೊಂಡು ಬಂದು ಬಿಟ್ಟ. ಎರಡು ಹಳಿಗಳ ನಡುವೆ ನಿಂತು ಆ ಕಡೆ ಒಮ್ಮೆ ಈ ಕಡೆ ಒಮ್ಮೆ ನೋಡುತ್ತಿದ್ದರಂತೆ, ಮಗಳು ಯಾವ ಕಡೆ ಹೋದಳೋ ಎಂದು. “ಅಮ್ಮಾ, ಇನ್ನೊಂದು ಗಳಿಗೆ ತಡವಾಗಿದ್ರೆ ನಾನು ಬರಿಗೈಲಿ ಬರಬೇಕಾಗಿತ್ತು” ಎಂದ. ಅವನನ್ನು ಕೂರಿಸಿ ಚಹಾ ಕೊಟ್ಟೆ. ಡಾಕ್ಟರು ಹೇಳುತ್ತಾರೆ, ಒಂದೋ ಬೀಗ ಹಾಕಿ, ಇಲ್ಲವೋ ಇಂಥವರನ್ನು ನೋಡಿಕೊಳ್ಳುವ ಕಡೆ ಸೇರಿಸಿ. ಈ ತಿಂಗಳು ಮುಗಿಯುವುದರೊಳಗೆ ಹೇಳಬೇಕಂತೆ, ಅಲ್ಲಿ ಒಂದು ಹಾಸಿಗೆ ಖಾಲಿ ಇದೆಯಂತೆ. ಬೀಗ ಹಾಕಿ ನೋಡಿದೆ. ಒಂದೇ ದಿನ. ಬಾಗಿಲು ಬಡಿದು ಬಡಿದು, “ಅಕ್ಕಾ, ದಮ್ಮಯ್ಯ, ಬಾಗಿಲು ತೆಗೀರಿ, ನನ್ನ ಮಗಳು ಹೊರಗಡೆ ಇದ್ದಾಳೆ” ಎಂದು ಬೇಡಿಕೊಂಡರು. ನಾನು ಆ ಮನುಷ್ಯನ ಹೆಂಡತಿ. ನನಗೆ ದಮ್ಮಯ್ಯ ಎಂದರು. ತೆಗೆದುಬಿಟ್ಟೆ.

ಅವರು ಮಾಡಿದ್ದನ್ನು ನಾನೇ ಕೆಡಿಸೋಣ ಎಂದೂ ನೋಡಿದೆ. ನಗಬೇಡ. ಬಲೆಬಟ್ಟೆಯ ಹಿಂದೆ ಒಂದು ಟವೆಲ್ ತುರುಕಿದೆ, ಮತ್ತೆ ಕಾಯಲಿ, ಮತ್ತೆ ಕೂಗಲಿ ಎಂದು. ಕೂಗಿತು ಕೂಡ. ಆದರೆ ಸ್ವಲ್ಪ ಹೊತ್ತಿಗೆ ಮೊದಲಿನ ಹಾಗೆ ಆರಿಹೋಯಿತು. ಅವರು ಒಳಗೆ ಬಂದು ಟವೆಲ್ ಎಳೆದು, ಮಡಚಿ, ನನ್ನ ಕೈಗೆ ಕೊಟ್ಟು, ಯಾರೋ ಗೊತ್ತಿಲ್ಲದವರು ಗಾಳಿಯ ದಾರಿಗೆ ಬಟ್ಟೆ ಇಟ್ಟಿದ್ದಾರೆ, ನೋಡಿಕೊಳ್ಳಬೇಕು ಎಂದರು. ನಾಚಿಕೆಯಿಂದ ನೆಲ ನೋಡಿದೆ. ಇನ್ನೊಂದು ಸಲ ಹೀಗೆ ಮಾಡಿದರೆ ಕಾರ್ಡು ಸತ್ತೇಹೋಗುತ್ತದೆ ಎಂದು ರಿಪೇರಿಯವನೂ ಗದರಿದ. ಅವನೇ ಒಂದು ಉಪಾಯ ಹೇಳಿದ್ದಾನೆ. ಕಾರ್ಡು ಕಾಯಲಿ ಬಿಡಲಿ, ಫ್ಯಾನುಗಳು ಸದಾ ಜೋರಾಗಿಯೇ ತಿರುಗುವ ಹಾಗೆ ಮಾಡಬಹುದಂತೆ. ದೋಣಿಯನ್ನೂ ದಿನವಿಡೀ ತಿರುಗಿಸುವುದು ಬೇಡ, ಕಾರ್ಡು ಯಾಕೆ ಸುಮ್ಮನೆ ಸವೆಯಬೇಕು, ಬರೀ ಸದ್ದು ಸಾಕಲ್ಲ ಎಂದ. ನನಗೂ ಸರಿ ಅನ್ನಿಸಿತು. ಇವತ್ತು ಸಂಜೆಯೊಳಗೆ ಬಂದು ಮಾಡಿಕೊಡುತ್ತೇನೆ ಎಂದಿದ್ದಾನೆ. ಅದಾದರೆ ಬೀಗವೂ ಬೇಡ, ಆ ಹಾಸಿಗೆಯೂ ಬೇಡ.

ಹಾಗಾಗಿ ನೀನು ತಲೆಬಿಸಿ ಮಾಡಿಕೊಳ್ಳಬೇಡ. ನಿನ್ನನ್ನು ಬಾ ಎಂದು ಕರೆಯಲು ಇದನ್ನು ಬರೆದದ್ದಲ್ಲ. ನಿನ್ನ ಸಿಟ್ಟು ನಿನ್ನದು, ಅದನ್ನು ಬಿಡು ಎಂದು ಹೇಳಲು ನಾನ್ಯಾರು? ಅವರಿಗೆ ಮರೆತುಹೋಗಿದೆ, ನಿನಗೆ ನೆನಪಿದೆ, ಕ್ಷಮೆ ಕೇಳಬೇಕಾದವರು ಕೇಳುವ ಸ್ಥಿತಿಯಲ್ಲಿಲ್ಲ. ಇದಕ್ಕೆ ನ್ಯಾಯ ಹೇಳುವವರು ಯಾರೂ ಇಲ್ಲ. ನಿನ್ನ ಕಂಪ್ಯೂಟರು ಸುಖವಾಗಿದೆ, ಬಿಟ್ಟುಹೋದಾಗ ಇದ್ದದ್ದಕ್ಕಿಂತ ಚೆನ್ನಾಗಿದೆ, ಅದನ್ನು ಹಾಗೆ ಮಾಡಿದವರು ನಿನ್ನಪ್ಪ ಎಂದಷ್ಟೇ ನಿನಗೆ ತಿಳಿದಿರಲಿ ಅನ್ನಿಸಿತು.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಜೊತೆ ಕೋಣೆ ಹಂಚಿಕೊಂಡಿರುವ ಗೆಳತಿಗೆ ನನ್ನ ನೆನಪು ಹೇಳು, ಅವಳ ದಿಂಬಿನ ಚೀಲ ಹೊಲಿದಿಟ್ಟಿದ್ದೇನೆ. ನಿನ್ನ ಹೊಟ್ಟೆ ತಣ್ಣಗಿರಲಿ, ಹಿಡಿದ ಕೆಲಸ ಯಾವುದೂ ನಡುವೆ ನಿಲ್ಲದಿರಲಿ. ಇಬ್ಬರ ಪಾಲಿನ ಆಶೀರ್ವಾದವನ್ನೂ ನಾನೇ ಬರೆಯುತ್ತಿದ್ದೇನೆ, ಇಬ್ಬರದೆಂದೇ ತೆಗೆದುಕೋ.

ನಿನ್ನ
ಅಮ್ಮ

ಮರೆತ ಮಾತು: ಲಕೋಟೆಗೆ ಅಂಟು ಹಚ್ಚುವ ಮೊದಲು ಇಷ್ಟು ಗೀಚುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಹೇಗೋ ಓದಿಕೋ. ರಿಪೇರಿಯವನು ಈಗಷ್ಟೇ ಬಂದು ಹೋದ. ಫ್ಯಾನು ಕೂಗುತ್ತಿದೆ, ನೀನಿದ್ದಾಗಿನಷ್ಟೇ ಜೋರಾಗಿ. ನಿನ್ನಪ್ಪ ಜಗುಲಿಯಲ್ಲಿ ತಲೆಯೆತ್ತಿ ಕೇಳಿಸಿಕೊಂಡರು, ಮುಖ ಅರಳಿತು, ನಾನು ದೇವರಿಗೆ ಕೈ ಮುಗಿದೆ. ಆಮೇಲೆ ಅವರು ಎದ್ದು ಹೋಗಿ ಆ ತಗಡಿನ ಕೊಳವೆಯ ಬಾಯಿಗೆ ಮುಂಗೈ ಹಿಡಿದರು. ಬಹಳ ಹೊತ್ತು ಹಿಡಿದೇ ಇದ್ದರು. ನನ್ನ ಕಡೆ ತಿರುಗಿ, “ಗಾಳಿ ತಣ್ಣಗಿದೆ. ಫ್ಯಾನು ಸುಮ್ಮನೆ ತಿರುಗ್ತಿದೆ. ಒಳಗೆ ಯಾರೂ ಕೆಲಸ ಮಾಡ್ತಿಲ್ಲ” ಅಂದರು. ಈಗ ಚಪ್ಪಲಿ ಹುಡುಕುತ್ತಿದ್ದಾರೆ, ನಾನು ಬಚ್ಚಿಟ್ಟಿದ್ದೇನೆ. ಮೇಲೆ ಬರೆದದ್ದು ಸುಳ್ಳು, ಮಗಳೇ. ಬಾ. ಅವರನ್ನು ಕ್ಷಮಿಸಲು ಬರಬೇಡ, ಅವರ ಜೊತೆ ಮಾತಾಡಲೂ ಬೇಡ. ಬಂದು ನಿನ್ನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ನಿನ್ನ ಕೆಲಸ ಮಾಡು.